ಎಚ್‌ಟಿ ಅಂದ್ರೆ ಹೈ ಟೆನ್ಷನ್ ಅಲ್ಲ

ರಾಜ್ಯೋತ್ಸವದ ವೇದಿಕೆಗೆ ಹಲಗೆ ಬೇಕಿತ್ತು. ವರ್ಕ್‌ಶಾಪಿಗೆ ವಿದೇಶದಿಂದ ಬಂದ ಹೊಸ ಮಷೀನಿನ ಮರದ ಪೆಟ್ಟಿಗೆ ಶೆಡ್ಡಿನ ಹಿಂದೆ ಬಿದ್ದಿತ್ತು. ಸುತ್ತಿಗೆ ಹಿಡ್ಕೊಂಡು ನಾವು ನಾಲ್ಕು ಜನ ಮೊಳೆ ಕೀಳೋಕೆ ಕೂತೆವು. ಒಂದು ಹಲಗೆಯ ಮೇಲೆ ಮುದ್ರೆಯೊಂದಿತ್ತು: ಗೋಧಿ ತೆನೆಯ ಚಿತ್ರ, ದೇಶದ ಗುರುತು, ಕೊನೆಗೆ ‘ಎಚ್‌ಟಿ’. ನಮ್ಮಲ್ಲಿದ್ದ ಎಲೆಕ್ಟ್ರಿಕಲ್‌ನವನು ಕೈ ಹಿಂದಕ್ಕೆ ಎಳ್ಕೊಂಡು “ಮುಟ್ಬೇಡ್ರೋ, ಹೈ ಟೆನ್ಷನ್!” ಅಂದ.

ವರ್ಕ್‌ಶಾಪಿನ ಸರ್ ನಕ್ಕು ತಿದ್ದಿದರು. ಅದು ಹೀಟ್ ಟ್ರೀಟ್‌ಮೆಂಟ್. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ಹೋಗಿ, ಕನಿಷ್ಠ 30 ನಿಮಿಷ ಹಾಗೇ ಇರಬೇಕು. ಒಳಗೆ ಹುಳು ಇದ್ದರೆ ಸಾಯಲಿ ಅಂತ. ದೇಶ ದೇಶಗಳ ನಡುವೆ ಓಡಾಡುವ ಮರದ ಪೆಟ್ಟಿಗೆಗಳಿಗೆ ಈ ಅಂತರರಾಷ್ಟ್ರೀಯ ನಿಯಮ ಬಂದದ್ದು 2002ರಲ್ಲಿ.

ಒಂದು ಹುಳುವಿಗೆ ಇಷ್ಟೊಂದು ರಗಳೆ ಯಾಕೆ? ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಓದಿದೆವು. ಅದೇ 2002ರಲ್ಲಿ ಅಮೆರಿಕದ ಡೆಟ್ರಾಯಿಟ್ ಬಳಿ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ದುಂಬಿ ಪತ್ತೆಯಾಗಿತ್ತು. ಮೂಲ ಪೂರ್ವ ಏಷ್ಯಾ. ಸರಕಿನ ಮರದ ಪೆಟ್ಟಿಗೆಗಳಲ್ಲಿ 1990ರ ದಶಕದಲ್ಲೇ ಬಂದಿರಬೇಕು ಅನ್ನುತ್ತಾರೆ. ಅದರ ಮರಿಹುಳು ಆಶ್ ಮರದ ತೊಗಟೆಯ ಕೆಳಗೆ ಅಂಕುಡೊಂಕು ಸುರಂಗ ಕೊರೆಯುತ್ತೆ. ನೀರು, ಆಹಾರದ ದಾರಿ ಕಡಿದು ಮರ ಒಣಗುತ್ತೆ. ಹೀಗೆ ಸತ್ತ ಮರಗಳು ಕೋಟಿಗಟ್ಟಲೆ.

ಸತ್ತ ಆಶ್ ಮರವನ್ನು ಹಾಗೇ ಬಿಡೋ ಹಾಗೂ ಇಲ್ಲ. ಬೇಗ ಪೆಡಸಾಗಿ ಕೊಂಬೆ ಮುರಿದು ಬೀಳುತ್ತೆ. ತಡ ಮಾಡಿದಷ್ಟೂ ಹತ್ತಿ ಕಡಿಯೋದು ಅಪಾಯ, ಖರ್ಚೂ ಜಾಸ್ತಿ. ರಸ್ತೆಬದಿಯ ಮರವಾದರೆ ಊರಿನ ನಗರಸಭೆ ದುಡ್ಡು ಹಾಕಬೇಕು, ಅಂಗಳದ ಮರವಾದರೆ ಸಾಮಾನ್ಯವಾಗಿ ಮನೆಯವರೇ. ಹೊರಗಿಂದ ಬಂದ ಮರ ಕೊರೆಯುವ ಹುಳುಗಳಿಂದ ಅಮೆರಿಕದ ಸ್ಥಳೀಯ ಸರ್ಕಾರಗಳಿಗೆ ವರ್ಷಕ್ಕೆ ಸುಮಾರು 170 ಕೋಟಿ ಡಾಲರ್ ಖರ್ಚು ಅಂತ 2011ರ ಒಂದು ಅಧ್ಯಯನ ಅಂದಾಜು ಮಾಡಿತ್ತು. ಪೆಟ್ಟಿಗೆ ತರಿಸಿ ಲಾಭ ಮಾಡಿದವರು ಯಾರೋ, ಗರಗಸದ ಬಿಲ್ಲು ಕಟ್ಟುವವರು ಇನ್ಯಾರೋ.

ಇನ್ನೊಂದು ದುಂಬಿಯ ಕತೆ ಬೇರೆ. ಏಷ್ಯನ್ ಲಾಂಗ್‌ಹಾರ್ನ್ಡ್ ಬೀಟಲ್ 1996ರಲ್ಲಿ ನ್ಯೂಯಾರ್ಕಿನಲ್ಲಿ, 2008ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಲ್ಲಿ ಸಿಕ್ಕಿತು. ವೂಸ್ಟರ್‌ನಲ್ಲಿ ಅದನ್ನು ನೋಡಿ ತಿಳಿಸಿದ್ದು ಅಲ್ಲಿನ ನಿವಾಸಿಯೊಬ್ಬರು. ಆ ಪ್ರದೇಶದಲ್ಲಿ 30,000ಕ್ಕೂ ಹೆಚ್ಚು ಮರ ಕಡಿದರು. ಹುಳು ಹಿಡಿದ ಮರವನ್ನು ತೆಗೆಯೋದಕ್ಕೆ ಮನೆಯವರಿಂದ ದುಡ್ಡು ಕೇಳಲಿಲ್ಲ, ಖರ್ಚು ಸರ್ಕಾರದ್ದು. ಅಷ್ಟು ಹೊತ್ತಿಗೆ ಆಶ್ ಬೋರರ್ ಹಿಡಿತಕ್ಕೆ ಸಿಗದಷ್ಟು ಹಬ್ಬಿತ್ತು. 2021ರ ಜನವರಿಯಲ್ಲಿ ಅದರ ಮೇಲಿದ್ದ ಕೇಂದ್ರದ ಕ್ವಾರಂಟೈನನ್ನೇ ಕೈಬಿಟ್ಟು, ಆ ಹಣವನ್ನು ಹುಳುವನ್ನು ಕೊಲ್ಲುವ ಪುಟ್ಟ ಕಣಜಗಳನ್ನು ಬಿಡುವಂಥ ಕೆಲಸಗಳತ್ತ ತಿರುಗಿಸಿದರು.

“ಸರ್ಕಾರದ ದುಡ್ಡು ಅಂದ್ರೆ ಯಾರದ್ದು? ಯಾರದೋ ಅಂಗಳದ ಮರಕ್ಕೆ ನಮ್ಮಪ್ಪ ಯಾಕೆ ಟ್ಯಾಕ್ಸ್ ಕಟ್ಬೇಕು?” ಅಂತ ಎಲೆಕ್ಟ್ರಿಕಲ್‌ನವನು ತಕರಾರು ತೆಗೆದ. ನಮಗೂ ಅದು ಸರಿ ಅನ್ನಿಸಿತ್ತು.

ಅಲ್ಲೀವರೆಗೆ ಸುಮ್ಮನಿದ್ದ ಮೂಡಿಗೆರೆಯವನು ಬಾಯಿಬಿಟ್ಟ. ಅವರ ಮನೆಯದು ಚಿಕ್ಕ ಅರೇಬಿಕಾ ತೋಟ. ಅಲ್ಲಿ ಕಾಟ ಬಿಳಿ ಕಾಂಡಕೊರಕದ್ದು. ಹೊರದೇಶದ್ದಲ್ಲ, ಇಲ್ಲಿಯದೇ ಹುಳು. ಆದರೆ ಕೆಲಸ ಅದೇ: ಕಾಂಡದೊಳಗೆ ಸುರಂಗ. ದುಂಬಿ ಹೊರಬಂದು ಹಾರುವ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್ ಹೊತ್ತಿಗೆ, ಗಿಡ ಗಿಡ ನೋಡಿ ಬೋರರ್ ಹಿಡಿದದ್ದನ್ನು ಬುಡಸಮೇತ ಕಿತ್ತು ಸುಡಬೇಕು. ಅದಕ್ಕೆ ಟ್ರೇಸಿಂಗ್ ಅನ್ನುತ್ತಾರೆ.

“ನಮ್ಮ ತೋಟದಲ್ಲಿ ಅಪ್ಪ ಒಂದು ಸಲಾನೂ ತಪ್ಸಲ್ಲ. ಪಕ್ಕದ ತೋಟದವ್ರು ಎರಡು ವರ್ಷ ಬಿಟ್ರು. ಮನಸ್ಸಿಲ್ದೆ ಅಲ್ಲ, ಕೂಲಿಗೆ ದುಡ್ಡಿರ್ಲಿಲ್ಲ. ಹುಳಕ್ಕೆ ಬೇಲಿ ಗೊತ್ತಾಗುತ್ತಾ? ಕೊನೆಗೆ ಅಪ್ಪನೇ ನಮ್ಮ ಆಳುಗಳನ್ನ ಅಲ್ಲಿಗೂ ಕಳಿಸಿ ಕೂಲಿ ಕೊಟ್ರು. ಹೋದ್ವರ್ಷ ನನ್ನ ಹಾಸ್ಟೆಲ್ ಫೀಸ್ ಲೇಟಾಯ್ತಲ್ಲ, ಅದಕ್ಕೇ.”

ಆಗ ಅವನನ್ನು ನಾವು ‘ಎಸ್ಟೇಟ್ ಓನರ್, ಫೀಸ್ ಕಟ್ಟಪ್ಪಾ’ ಅಂತ ವಾರಗಟ್ಟಲೆ ಆಡಿಕೊಂಡಿದ್ದೆವು. ಅವನೂ ನಗ್ತಿದ್ದ. ಈಗ ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಎಲೆಕ್ಟ್ರಿಕಲ್‌ನವನೇ ಲೆಕ್ಕ ಹಾಕಿದ. ಕಡಿಯದೆ ಬಿಟ್ಟ ಒಂದು ಮರದ ಹುಳು ನಾಳೆ ಹತ್ತು ಮರಕ್ಕೆ ಹೋಗುತ್ತೆ. ‘ಹುಳು ಬಿದ್ದಿದೆ’ ಅಂತ ತಿಳಿಸಿದವನಿಗೇ ಬಿಲ್ಲು ಬರೋದಾದರೆ ಜನ ಬಾಯಿ ಮುಚ್ಚಿಕೊಂಡಿರ್ತಾರೆ. ವೂಸ್ಟರ್‌ನಲ್ಲಿ ಆ ಒಬ್ಬರು ಸುಮ್ಮನಿದ್ದಿದ್ದರೆ? ಹಾಗಾಗಿ ಇದು ದಾನ ಅಲ್ಲ. ಬೆಂಕಿ ಬಿದ್ದಾಗ ಯಾರ ಮನೆ ಅಂತ ಕೇಳಿ ಫೈರ್ ಇಂಜಿನ್ ಕಳಿಸ್ತೀವಾ? ಇದೂ ಹಾಗೇ. ದುಡ್ಡು ಎಲ್ಲರದ್ದೂ ಸೇರಿ, ಬೇಗ ಬರಬೇಕು.

ವೇದಿಕೆ ಚೆನ್ನಾಗೇ ಆಯ್ತು. ಮುದ್ರೆಯ ಹಲಗೆ ಮೆಟ್ಟಿಲಿಗೆ ಹೋಯ್ತು. ಬರೋ ಮಾರ್ಚಿನಲ್ಲಿ ನಾಲ್ವರೂ ಮೂಡಿಗೆರೆಗೆ ಹೋಗಿ ಎರಡು ದಿನ ಟ್ರೇಸಿಂಗ್ ಮಾಡೋದು ಅಂತ ತೀರ್ಮಾನವಾಗಿದೆ, ಇಂಟರ್ನಲ್ಸ್ ಅಡ್ಡ ಬರದಿದ್ದರೆ. ಪಕ್ಕದ ತೋಟವನ್ನೂ ಸೇರಿಸಿ.