ಸಿದ್ಧೇಶ್ವರ ಗುಡಿಯಿಂದ ಪಡುವಣ ದಿಕ್ಕಿಗೆ

ಮಾರ್ಚ್ ತಿಂಗಳ ಬೆಳಗು. ಸಿದ್ಧೇಶ್ವರ ಗುಡಿಯ ಮುಂದೆ ಬಿಸಿಲಿನ್ನೂ ಚುರುಕಾಗಿಲ್ಲ. ಸಂಕ್ರಮಣದ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಟಾಗ ಇಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಈಗ ಬೀದಿಯೆಲ್ಲ ನಿಮ್ಮದೇ. ವಿಜಯಪುರಕ್ಕೆ ಬಂದವರು ಮೊದಲು ಗೋಳಗುಮ್ಮಟದ ಕಡೆ ಹೊರಡುತ್ತಾರೆ. ಅದು ನೋಡಲೇಬೇಕಾದದ್ದು, ನಿಜ. ಇವತ್ತು ಮಾತ್ರ ಪಡುವಣಕ್ಕೆ ಬನ್ನಿ. ಈ ಊರಿನ ದಾಹ ತೀರಿಸಿದ ದಿಕ್ಕು ಅದು.

ದಾರಿಯಲ್ಲೇ ಮಲಿಕ್-ಎ-ಮೈದಾನ್ ತೋಪು. ಬುರುಜು ಹತ್ತಿ ಅದರ ಬಾಯಿಯ ಬಳಿ ಬಗ್ಗಿ ನೋಡಿ: ಬಾಯ್ದೆರೆದ ಸಿಂಹ, ಹಲ್ಲುಗಳ ನಡುವೆ ಸಿಕ್ಕಿಬಿದ್ದ ಪುಟ್ಟ ಆನೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಸುಮಾರು 55 ಟನ್ ತೂಕದ ಲೋಹವಿದು. 1686ರಲ್ಲಿ ಊರು ಗೆದ್ದ ಔರಂಗಜೇಬನೂ ಇದರ ಮೇಲೆ ತನ್ನ ವಿಜಯದ ಸಾಲು ಕೆತ್ತಿಸಿದ.

ತೋಪಿಗಿಂತ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ತಾಜ್ ಬಾವಡಿ. ಎತ್ತರದ ಕಮಾನಿನಡಿ ಮೆಟ್ಟಿಲು ಇಳಿಯುತ್ತಿದ್ದಂತೆ ಬೀದಿಯ ಗದ್ದಲ ಹಿಂದೆ ಬೀಳುತ್ತದೆ, ಮುಖಕ್ಕೆ ತಂಪು ತಾಕುತ್ತದೆ. ಎದುರಿಗೆ ಕೆರೆಯಷ್ಟು ಅಗಲದ ಚೌಕ ನೀರು. ಇಬ್ರಾಹಿಂ ಆದಿಲ್ ಶಾಹನ ಕಾಲದ, 1620ರ ಕಟ್ಟಡ. ಹೂಳು ಕಸ ತುಂಬಿ ನಾರುತ್ತಿದ್ದ ಬಾವಡಿಯನ್ನು ಈಚಿನ ವರ್ಷಗಳಲ್ಲಿ ಬರಿದು ಮಾಡಿ ಹೂಳೆತ್ತಿದರು. ಊರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಊರು ದಾಟಿದರೆ ತೊರವೆ. ಕುಮಾರ ವಾಲ್ಮೀಕಿ ರಾಮಾಯಣ ಬರೆದದ್ದು ಇಲ್ಲಿಯ ನರಸಿಂಹನ ಸನ್ನಿಧಿಯಲ್ಲಿ. ಇಲ್ಲಿಂದಲೇ ಆದಿಲ್‌ಶಾಹಿಗಳು ನೆಲದೊಳಗೆ ಸುರಂಗ ಕೊರೆದು ಕೋಟೆಯೂರಿಗೆ ನೀರು ಹರಿಸಿದರು. ಏತವಿಲ್ಲ, ಎತ್ತಿಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತಿತ್ತು. ಸುರಂಗದ ಜಾಡು ಹಿಡಿದು ಗಾಳಿಗಾಗಿ ತೋಡಿದ ಬಾವಿಗಳಿವೆ. ಒಂದರ ಕಟ್ಟೆಗೆ ಕೈಯೂರಿ ಒಳಗೆ ಇಣುಕಿ. ಕಲ್ಲಿನ ಮೇಲೆ ಉಳಿಯ ಗೆರೆಗಳು, ಬಿರುಕಿನಲ್ಲಿ ಬೇರುಬಿಟ್ಟ ಆಲದ ಸಸಿ, ಅದರಾಚೆ ಕತ್ತಲು. ಕೆಲವು ಬಾವಿಗಳಿಗೆ ಮಣ್ಣು ಕಸ ಸುರಿದಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದೇ ರಸ್ತೆ ತಿಕೋಟಾಕ್ಕೆ ಒಯ್ಯುತ್ತದೆ. ಎರಡೂ ಬದಿ ದ್ರಾಕ್ಷಿ ಪಡಗಳು, ಹಸಿರು ಬಲೆ ಹೊದ್ದ ಶೆಡ್ಡುಗಳು. ಒಳಗೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ ಗೊನೆ ಹರವಿದ್ದಾರೆ. ನೆರಳಿನಲ್ಲಿ, ಗಾಳಿಗೆ ಎರಡು ವಾರದಲ್ಲಿ ಮನೂಕ ಆಗುತ್ತದೆ. ಹೆಂಗಸರು ಕೂತು ತೊಟ್ಟು ಬಿಡಿಸುತ್ತಿದ್ದಾರೆ. ತೋಟಕ್ಕೆ ನೀರು ಎಲ್ಲಿಂದ ಎಂದು ಕೇಳಿದರೆ, ಹಿರಿಯಾಕೆ ತಲೆ ಎತ್ತದೆ ಹೇಳುತ್ತಾಳೆ: “ಹೊಳಿ ನೀರ್ರಿ ಯಪ್ಪಾ. ಕಾಲವಿ ಬರೂಕಿಂತ ಮದಲ ಟ್ಯಾಂಕರಲೆ ಬಳ್ಳಿ ಉಳಿಸ್ತಿದ್ವಿ.”