ಏರಿದ್ದು ಕೊಬ್ಬಲ್ಲ, ನೀರು

ಅರಸೀಕೆರೆ ಸೀಮೆಯವರಿಗೆ ತೂಕದ ಪಾಠ ಬೇರೆಯವರು ಹೇಳಿಕೊಡಬೇಕಾಗಿಲ್ಲ. ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತೆ. ಕಳೆದುಕೊಳ್ಳೋದು ಬರೀ ನೀರು, ಎಣ್ಣೆ ಒಳಗೇ ಇರುತ್ತೆ. ಸರಿಯಾಗಿ ಒಣಗದ ಕೊಬ್ಬರಿ ಕಂಡರೆ ವ್ಯಾಪಾರಿ ಮುಖ ಸಿಂಡರಿಸೋದು ಅದಕ್ಕೇ. ನೀರಿಗೆ ಯಾರು ದುಡ್ಡು ಕೊಡ್ತಾರೆ?

ನಮ್ಮಕ್ಕನಿಗೆ ಶುಗರ್. ಡಾಕ್ಟರು ತೂಕ ಇಳಿಸಿ ಅಂದಮೇಲೆ ಎರಡು ತಿಂಗಳಲ್ಲಿ 3 ಕೆಜಿ ಇಳಿಸಿದ್ದಳು. ಒಂದು ಭಾನುವಾರ ಮನೆಯವರೆಲ್ಲ ಬೇಲೂರು, ಹಳೇಬೀಡು ಸುತ್ತಿ ಬಂದ್ವಿ. ಬುತ್ತಿಗೆ ಪುಳಿಯೋಗರೆ, ಮೊಸರನ್ನ, ಹಪ್ಪಳ, ಉಪ್ಪಿನಕಾಯಿ. ಸೋಮವಾರ ಬೆಳಿಗ್ಗೆ ತೂಕದ ಮಿಷನ್ ಹತ್ತಿದರೆ ಒಂದೂಕಾಲು ಕೆಜಿ ಜಾಸ್ತಿ! "ಇವತ್ತು ನಂಗೆ ತಿಂಡಿ ಬೇಡ" ಅಂದಳು.

ನನಗೆ ಭಯವಾಗಿದ್ದು ಆ ಮಾತಿಗೆ. ಕೆಲವು ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ವಿಪರೀತ ಇಳಿದು ತಲೆ ಸುತ್ತಿ ಬೀಳಬಹುದು.

ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ಒಂದು ಕೆಜಿ ಕೊಬ್ಬು ಏರೋಕೆ ದಿನದ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಅಷ್ಟು ಪುಳಿಯೋಗರೆ ಯಾರು ತಿಂತಾರೆ? ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತೆ. ಅನ್ನ ಗ್ಲೈಕೋಜನ್ ಆಗಿ ಕೂತಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಕೂರುತ್ತೆ. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ ತಾನೇ?

ಅಕ್ಕ ಇಡ್ಲಿ ತಿಂದಳು.

ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ತೂಗಿ ಕ್ಯಾಲೆಂಡರಿನಲ್ಲಿ ಬರೀತಾಳೆ. ಆದರೆ ನೋಡೋದು ಏಳು ದಿನದ ಸರಾಸರಿ, ಹೋದ ವಾರದ ಸರಾಸರಿಗೆ ಹೋಲಿಸಿ. ಅದು ನಿಧಾನಕ್ಕೆ ಇಳೀತಾ ಇದೆ.