ಐದು ಸಾವಿರ ಪೌಂಡಿನ ಹುಡುಗ ಮತ್ತು ನಮ್ಮಪ್ಪನ ಲೆಕ್ಕದ ಪುಸ್ತಕ

ಪೋಸ್ಟ್ ಸ್ವಲ್ಪ ಉದ್ದ ಇದೆ ಸಂಗಾತಿಗಳೇ. ಪುರುಸೊತ್ತಾದಾಗ ಓದಿ, ಆದ್ರೆ ಕೊನೇವರೆಗೂ ಓದಿ.

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದಕ್ಕೆ ನಮ್ಮಕ್ಕನ ಮಗ ಫೋನ್ ಮಾಡಿದ. ಬೆಂಗಳೂರಲ್ಲಿ ಹಗಲೆಲ್ಲ ಪಾರ್ಸೆಲ್ ಹಂಚ್ತಾನೆ, ಬೆಳಗಿನ ಜಾವ ಎದ್ದು ಫುಟ್‌ಬಾಲ್ ಆಡ್ತಾನೆ. ಒಂದು ಚಿಕ್ಕ ಕ್ಲಬ್. ಬೇರೆ ಕ್ಲಬ್‌ನವರು ಕರೆದಿದ್ರು, ಬಸ್ ಚಾರ್ಜು, ಊಟ, ಮೇಲೊಂದಿಷ್ಟು ದುಡ್ಡು ಕೊಡ್ತೀವಿ ಅಂದಿದ್ರು. ಈ ಕ್ಲಬ್‌ನವರು ಎನ್‌ಒಸಿ ಕೊಡ್ತಿಲ್ಲ.

"ಆಡ್ಸೋದೂ ಇಲ್ಲ, ಬಿಡೋದೂ ಇಲ್ಲ ಮಾಮ. ನನ್ನ ರಿಜಿಸ್ಟ್ರೇಷನ್ ಅವರ ಹತ್ರ ಐತೆ."

ಫುಟ್‌ಬಾಲ್ ನನಗೆ ಗೊತ್ತಿಲ್ಲ. ಆದ್ರೆ "ಅವರ ಹತ್ರ ಐತೆ" ಅನ್ನೋ ಮಾತು ನನಗೆ ಚೆನ್ನಾಗಿ ಗೊತ್ತು. ಅದನ್ನ ಕೇಳ್ಕೊಂಡೇ ಬೆಳೆದವನು ನಾನು.

ನಮ್ಮಪ್ಪ ಜೀತಕ್ಕಿದ್ದವರು. ತಾತ ಮಗಳ ಮದುವೆಗೆ ಊರಿನ ಜಮೀನ್ದಾರರ ಹತ್ರ ಮುನ್ನೂರು ರೂಪಾಯಿ ತಗೊಂಡ್ರು. ಆ ಮುನ್ನೂರಕ್ಕೆ ಅಪ್ಪ ಹನ್ನೊಂದನೇ ವಯಸ್ಸಿಗೆ ದನ ಕಾಯೋಕೆ ಹೋದ್ರು. ಅವರ ಮನೇಲಿ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಪುಸ್ತಕ ಇತ್ತಂತೆ. ಅಪ್ಪನ ಹೆಸರು ಮಾರಯ್ಯ. ಪುಸ್ತಕದಲ್ಲಿ "ಮಾರ" ಅಂತ ಮಾತ್ರ ಇತ್ತು. ಅಯ್ಯ ಅನ್ನೋ ಎರಡಕ್ಷರ ಬರೆಯೋಕೆ ಅವರ ಕೈಗೆ ಆಗಲಿಲ್ಲ. ಹೆಸರಿನ ಮುಂದೆ ಒಂದು ಅಂಕಿ. ಪ್ರತಿ ಯುಗಾದಿಗೂ ಆ ಅಂಕಿ ಬೆಳೀತಿತ್ತು. ಕೊಟ್ಟ ರಾಗಿ, ಕೊಟ್ಟ ಕಂಬಳಿ ಎಲ್ಲಾ ಅದರೊಳಗೆ. ಅಪ್ಪ ದುಡಿದದ್ದು ಮಾತ್ರ ಎಲ್ಲೂ ಇರಲಿಲ್ಲ. 1976ರಲ್ಲಿ ಜೀತಪದ್ಧತಿ ರದ್ದು ಕಾಯ್ದೆ ಬಂತು. ಆದ್ರೂ ಆ ಪುಸ್ತಕ ಎಲ್ಲಿದೆ, ಅದರಲ್ಲಿ ಇನ್ನೂ ನನ್ನ ಹೆಸರಿದೆಯಾ ಅಂತ ಅಪ್ಪ ಸಾಯೋವರೆಗೂ ಕೇಳ್ತಿದ್ರು.

ಮುಂದಿನ ಭಾನುವಾರ ಹುಡುಗನ ರೂಮಿಗೆ ಹೋದೆ. ಗೋಡೆ ಮೇಲೆ ಒಬ್ಬ ಕಪ್ಪು ಆಟಗಾರನ ಹಳೇ ಫೋಟೋ. ಎದೆ ಅಗಲ, ನೀಲಿ ಬಿಳಿ ಪಟ್ಟೆ ಜರ್ಸಿ. "ಯಾರಪ್ಪ ಇವರು?" ಅಂದೆ. "ಸಿರಿಲ್ ರೆಜಿಸ್ ಮಾಮ. ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್" ಅಂದ. ಆಮೇಲೆ ಫೋನಲ್ಲಿ ಆ ಕ್ಲಬ್ಬಿನ ಆಟಗಾರರ ಪಟ್ಟಿ ತೆಗೆದು ತೋರಿಸಿದ. ವರ್ಷ, ಹೆಸರು, ಎಲ್ಲಿಂದ ಬಂದ, ಎಲ್ಲಿಗೆ ಹೋದ, ಎಷ್ಟಕ್ಕೆ. ನಮ್ಮಪ್ಪನ ಪುಸ್ತಕದ ತರಾನೇ ಕಾಣಿಸ್ತು ನನಗೆ. ಅವತ್ತಿಂದ ಸಿಕ್ಕಿದ್ದೆಲ್ಲ ಓದ್ತಾ ಇದ್ದೀನಿ.

ಈ ಕ್ಲಬ್ ಶುರುವಾಗಿದ್ದು 1878ರಲ್ಲಿ. ಕಟ್ಟಿದವರು ಸಾಹೇಬರಲ್ಲ, ಬರ್ಮಿಂಗ್‌ಹ್ಯಾಮ್ ಪಕ್ಕದ ವೆಸ್ಟ್ ಬ್ರಾಮ್ವಿಚ್ ಅನ್ನೋ ಊರಿನ ಸಾಲ್ಟರ್ ಸ್ಪ್ರಿಂಗ್ ಕಾರ್ಖಾನೆಯ ಕೆಲಸಗಾರರು. 1888ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಇದ್ದ ಹನ್ನೆರಡು ಕ್ಲಬ್‌ಗಳಲ್ಲಿ ಇದೂ ಒಂದು. ಕಾರ್ಮಿಕರು ಕಟ್ಟಿದ ಆಟ ಬೇಗನೇ ಮಾಲೀಕರ ಕೈಗೆ ಹೋಯ್ತು. 1893ರಲ್ಲಿ ವಿಲ್ಲಿ ಗ್ರೋವ್ಸ್ ಅನ್ನೋ ಆಟಗಾರ ಇಲ್ಲಿಂದ ಪಕ್ಕದ ಆಸ್ಟನ್ ವಿಲ್ಲಾಗೆ ನೂರು ಪೌಂಡಿಗೆ ಹೋದ. ಒಬ್ಬ ಆಟಗಾರನಿಗೆ ನೂರು ಪೌಂಡ್ ಬೆಲೆ ಕಟ್ಟಿದ್ದು ಅದೇ ಮೊದಲು ಅಂತಾರೆ.

ಅದೇ ಹೊತ್ತಿಗೆ ಒಂದು ನಿಯಮ ಬಂತು. ಆಟಗಾರ ಒಂದ್ಸಲ ಒಂದು ಕ್ಲಬ್ಬಿನ ಹೆಸರಲ್ಲಿ ನೋಂದಣಿಯಾದ್ರೆ ಮುಗೀತು. ಕರಾರು ಒಂದೇ ವರ್ಷದ್ದಿರಬಹುದು, ಆ ವರ್ಷ ಮುಗಿದಿರಬಹುದು. ಕ್ಲಬ್ಬು ಅವನನ್ನ "ಉಳಿಸಿಕೊಂಡವರ ಪಟ್ಟಿ"ಗೆ ಸೇರಿಸಿದ್ರೆ ಅವನು ಬೇರೆಲ್ಲೂ ಆಡೋಹಾಗಿಲ್ಲ. ಹೊಸ ಕರಾರಿಗೆ ಒಪ್ಪದಿದ್ರೆ ಸಂಬಳಾನೂ ಇಲ್ಲ, ಬಿಡುಗಡೇನೂ ಇಲ್ಲ. ಇದರ ಜೊತೆಗೆ 1901ರಿಂದ ವಾರಕ್ಕೆ ನಾಲ್ಕು ಪೌಂಡಿಗಿಂತ ಜಾಸ್ತಿ ಯಾರಿಗೂ ಸಂಬಳ ಕೊಡಬಾರದು ಅನ್ನೋ ಮಿತಿ. ನಲವತ್ತು ಸಾವಿರ ಜನ ದುಡ್ಡು ಕೊಟ್ಟು ನೋಡೋಕೆ ಬರ್ತಿದ್ರೂ ಆಟಗಾರನ ಸಂಬಳಕ್ಕೆ ಮಿತಿ!

ಇದನ್ನ ಮುರಿಯೋಕೆ ಅರವತ್ತೆಪ್ಪತ್ತು ವರ್ಷ ಬೇಕಾಯ್ತು. ಮುರಿದಿದ್ದು ಮಾಲೀಕರ ಕರುಣೆಯಲ್ಲ, ಯೂನಿಯನ್ನು. ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರು ಮುಷ್ಕರಕ್ಕೆ ಸಿದ್ಧರಾದ ಮೇಲೆ 1961ರಲ್ಲಿ ಸಂಬಳದ ಮಿತಿ ಹೋಯ್ತು. ಆಗ ಅದು 20 ಪೌಂಡಿಗೆ ಬಂದಿತ್ತು. ಜಾರ್ಜ್ ಈಸ್ಟ್‌ಹ್ಯಾಮ್ ಅನ್ನೋ ಆಟಗಾರ ನ್ಯೂಕಾಸಲ್ ಕ್ಲಬ್ ತನ್ನನ್ನ ಬಿಡ್ತಿಲ್ಲ ಅಂತ ಆಟವನ್ನೇ ನಿಲ್ಲಿಸಿ ಬೇರೆ ಕೆಲಸಕ್ಕೆ ಸೇರಿದ, ಆಮೇಲೆ ಕೋರ್ಟಿಗೆ ಹೋದ. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಹೀಗೆ ಉಳಿಸಿಕೊಳ್ಳೋದು ಒಬ್ಬ ಮನುಷ್ಯನ ದುಡಿಮೆಯ ಹಕ್ಕಿಗೆ ಅನ್ಯಾಯದ ಅಡ್ಡಿ ಅಂತ ತೀರ್ಪು ಕೊಟ್ರು. ಕರಾರು ಮುಗಿದವನು ತಾನಾಗೇ ಬೇರೆ ಕ್ಲಬ್ ಹುಡುಕೋ ಹಕ್ಕು 1978ರಲ್ಲಿ ಬಂತು. ಕರಾರು ಮುಗಿದ ಮೇಲೂ ಅವನಿಗಾಗಿ ದುಡ್ಡು ಕೇಳೋ ಪದ್ಧತಿಯನ್ನ 1995ರಲ್ಲಿ ಯುರೋಪಿನ ಕೋರ್ಟು ಬಾಸ್ಮನ್ ಪ್ರಕರಣದಲ್ಲಿ ತಪ್ಪು ಅಂತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಆ ಕಾಲದ ಆಟಗಾರರು ತಮ್ಮ ಕರಾರನ್ನ "ಗುಲಾಮಗಿರಿ" ಅಂತ ಕರೆದ್ರು. ಅವರ ಸಿಟ್ಟು ಅರ್ಥ ಆಗುತ್ತೆ. ಆದ್ರೆ ನಾನು ಆ ಪದ ಬಳಸಲ್ಲ. ಅವರಿಗೆ ಕುಡಿಯೋ ನೀರು ಎತ್ತರದಿಂದ ಹುಯ್ಯಲಿಲ್ಲ. ಆಟ ಬಿಟ್ಟು ಹೋದ್ರೆ ಅವರ ಗುಡಿಸಲಿಗೆ ಬೆಂಕಿ ಹಾಕ್ತಿರಲಿಲ್ಲ. ನಮ್ಮಪ್ಪನ ಜೀತ ಬೇರೆ, ಅವರ ಕರಾರು ಬೇರೆ. ಎರಡರಲ್ಲೂ ಇರೋದು ಒಂದೇ ಒಂದು ಎಳೆ: ನಿನ್ನ ಹೆಸರು ಇನ್ನೊಬ್ಬನ ಪುಸ್ತಕದಲ್ಲಿ ಇರೋದು, ಆ ಪುಸ್ತಕ ತೆರೆಯೋ ಮುಚ್ಚೋ ಅಧಿಕಾರ ಅವನದೇ ಆಗಿರೋದು.

ಈಗ ಗೋಡೆ ಮೇಲಿನ ಫೋಟೋಗೆ ಬರ್ತೀನಿ.

ರೆಜಿಸ್ ಹುಟ್ಟಿದ್ದು ಫ್ರೆಂಚ್ ಗಯಾನಾದಲ್ಲಿ, 1958ರಲ್ಲಿ. ಐದನೇ ವಯಸ್ಸಿಗೆ ಇಂಗ್ಲೆಂಡಿಗೆ ಬಂದ್ರು. ಎಲೆಕ್ಟ್ರಿಷಿಯನ್ ಕೆಲಸ ಕಲಿತು, ದಿನಾ ಕೆಲಸ ಮುಗಿಸಿ ಹೇಯ್ಸ್ ಅನ್ನೋ ಸಣ್ಣ ಕ್ಲಬ್ಬಿಗೆ ಆಡ್ತಿದ್ರು. 1977ರಲ್ಲಿ ಆಲ್ಬಿಯನ್‌ಗೆ ಬಂದಾಗ ಪಟ್ಟಿಯಲ್ಲಿ ಬರೆದ ಬೆಲೆ 5,000 ಪೌಂಡ್. ಚೆನ್ನಾಗಿ ಆಡಿದ್ರೆ ಆಮೇಲೆ ಇನ್ನೊಂದೈದು ಸಾವಿರ. ಅಷ್ಟು ಕೊಡೋಕೂ ಕ್ಲಬ್ಬಿನವರು ಹಿಂದೆಮುಂದೆ ನೋಡಿದಾಗ, ಅವರನ್ನ ಗುರುತಿಸಿದ ರಾನಿ ಆಲನ್ ತನ್ನ ಜೇಬಿಂದ ಕೊಡ್ತೀನಿ ಅಂದಿದ್ರಂತೆ.

ಅದೇ ವರ್ಷ ಓರಿಯಂಟ್ ಕ್ಲಬ್ಬಿಂದ ಲಾರಿ ಕನ್ನಿಂಗ್‌ಹ್ಯಾಮ್ ಬಂದ್ರು, ಸುಮಾರು 1,10,000 ಪೌಂಡಿಗೆ. ಜಮೈಕಾದಿಂದ ಬಂದ ತಂದೆತಾಯಿಯ ಮಗ. 1978ರಲ್ಲಿ ಕೇಂಬ್ರಿಜ್ ಯುನೈಟೆಡ್‌ನಿಂದ ಬ್ರೆಂಡನ್ ಬ್ಯಾಟ್ಸನ್, ಸುಮಾರು 30,000ಕ್ಕೆ. ಗ್ರೆನಾಡಾದಲ್ಲಿ ಹುಟ್ಟಿದವರು. ಮೂರು ಜನ ಕಪ್ಪು ಆಟಗಾರರು ಒಂದೇ ತಂಡದಲ್ಲಿ, ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ! ಅದುವರೆಗೆ ಜನ ಅಂಥದ್ದು ಕಂಡಿದ್ದು ತೀರಾ ಅಪರೂಪ.

ಬಿಳಿಯರ ಗ್ಯಾಲರಿಯಿಂದ ಕೋತಿ ಕೂಗು, ಬಾಳೆಹಣ್ಣಿನ ಎಸೆತ, ಉಗುಳು. 1978ರ ಡಿಸೆಂಬರ್ 30ರಂದು ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನದಲ್ಲಿ ಇವರು ಚೆಂಡು ಮುಟ್ಟಿದಾಗೆಲ್ಲ ಜನ ಬೂ ಅಂದ್ರು. ಟಿವಿಯಲ್ಲಿ ವಿವರಣೆ ಕೊಡ್ತಿದ್ದವರು ಕೂಡ ಅದನ್ನ ಹೇಳಲೇಬೇಕಾಯ್ತು. ಪಂದ್ಯದ ಫಲಿತಾಂಶ: ಆಲ್ಬಿಯನ್ 5, ಮ್ಯಾಂಚೆಸ್ಟರ್ 3. ಕನ್ನಿಂಗ್‌ಹ್ಯಾಮ್ ಒಂದು ಗೋಲು, ರೆಜಿಸ್ ಒಂದು ಗೋಲು. ಆ ಸಾಲಿನಲ್ಲಿ ಲೀಗಿನಲ್ಲಿ ಮೂರನೇ ಸ್ಥಾನ.

ಪಟ್ಟಿ ನೋಡಿ ನಾನು ಹುಡುಗನಿಗೆ ಒಂದು ಸಾಲು ತೋರಿಸಿದೆ. ಅದೇ ಸಾಲಿನ 1979ರ ಜನವರಿಯಲ್ಲಿ ಈ ಕ್ಲಬ್ಬು ಡೇವಿಡ್ ಮಿಲ್ಸ್ ಅನ್ನೋ ಬಿಳಿಯ ಆಟಗಾರನಿಗೆ ಐದು ಲಕ್ಷ ಪೌಂಡಿಗೂ ಮೇಲೆ ಕೊಡ್ತು. ಬ್ರಿಟನ್ನಿನಲ್ಲಿ ಅವತ್ತಿಗೆ ಅದೇ ದಾಖಲೆ. ಮಿಲ್ಸ್ ಇಲ್ಲಿ ಗೋಲು ಹೊಡೆದಿದ್ದು ಬೆರಳೆಣಿಕೆ. ರೆಜಿಸ್ ಇಲ್ಲಿರೋವಷ್ಟು ದಿನ ಹೊಡೆದಿದ್ದು 112. ಮಿಲ್ಸ್ ತಪ್ಪು ಅಂತ ಹೇಳ್ತಿಲ್ಲ, ಬೆಲೆ ಕಟ್ಟಿದ್ದು ಅವರಲ್ಲ. ಆ ಕಾಲಂನಲ್ಲಿರೋ ಅಂಕಿ ಆಟಗಾರನ ಯೋಗ್ಯತೆ ಅಲ್ಲ, ಅದು ಕೊಳ್ಳೋವನ ಕಣ್ಣು. ನಮ್ಮಪ್ಪನ ಮುಂದೆ ಇದ್ದ ಮುನ್ನೂರೂ ಅಷ್ಟೇ.

1979ರ ಬೇಸಿಗೆಯಲ್ಲಿ ಕನ್ನಿಂಗ್‌ಹ್ಯಾಮ್ ರಿಯಲ್ ಮ್ಯಾಡ್ರಿಡ್‌ಗೆ ಹೋದ್ರು, ಒಂಬತ್ತು ಲಕ್ಷ ಪೌಂಡಿಗೂ ಮೇಲೆ. 1989ರಲ್ಲಿ ಮ್ಯಾಡ್ರಿಡ್ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡ್ರು, ಬರೀ 33 ವಯಸ್ಸು. ಬ್ಯಾಟ್ಸನ್ ಮಂಡಿಗೆ ಪೆಟ್ಟಾಗಿ ಆಟ ಬಿಟ್ರು, ಆಮೇಲೆ ಆಟಗಾರರ ಯೂನಿಯನ್ನಿನ ಉಪ ಮುಖ್ಯಸ್ಥರಾದ್ರು. ನನಗೆ ತುಂಬಾ ಇಷ್ಟವಾದ ದಾಖಲೆ ಅದು. ಪಟ್ಟಿಯಲ್ಲಿ ಹೆಸರಿದ್ದವನು ಪಟ್ಟಿ ಬರೆಯೋರ ಎದುರು ಕೂತು ಮಾತಾಡಿದ.

ರೆಜಿಸ್‌ಗೆ 1982ರಲ್ಲಿ ಇಂಗ್ಲೆಂಡ್ ತಂಡದಿಂದ ಕರೆ ಬಂತು. ಅದರ ಜೊತೆಗೇ ಅಂಚೆಯಲ್ಲಿ ಒಂದು ಲಕೋಟೆ ಬಂತು. ವೆಂಬ್ಲಿ ಮೈದಾನಕ್ಕೆ ಕಾಲಿಟ್ರೆ ಹುಷಾರ್ ಅನ್ನೋ ಬೆದರಿಕೆ, ಜೊತೆಗೊಂದು ಗುಂಡು. ಅವರು ಹೋಗಿ ಆಡಿದ್ರು. ದಾಖಲೆ ಪುಸ್ತಕದಲ್ಲಿ ಏನಿದೆ ಗೊತ್ತಾ? "ಇಂಗ್ಲೆಂಡ್ ಪರ 5 ಪಂದ್ಯ" ಅಂತ. ಗುಂಡಿಗೆ ಕಾಲಂ ಇಲ್ಲ.

ಇದು ಕಪ್ಪು ಆಟಗಾರರದಷ್ಟೇ ಮಾತಲ್ಲ. ಇದೇ ಕ್ಲಬ್ಬಿನ ಜೆಫ್ ಆಸಲ್, ಬಿಳಿಯ ಕಾರ್ಮಿಕ ಕುಟುಂಬದವರು. ದಾಖಲೆಯಲ್ಲಿ 174 ಗೋಲು, 1968ರ ಎಫ್‌ಎ ಕಪ್ ಫೈನಲ್ಲಿನ ಗೆಲುವಿನ ಗೋಲು. ತಲೆಯಿಂದ ಹೊಡೆಯೋದ್ರಲ್ಲಿ ಎತ್ತಿದ ಕೈ. 2002ರಲ್ಲಿ 59ನೇ ವಯಸ್ಸಿಗೆ ನೆನಪೆಲ್ಲ ಕಳಕೊಂಡು ತೀರಿಕೊಂಡ್ರು. ಭಾರದ ಚೆಂಡನ್ನ ವರ್ಷಗಟ್ಟಲೆ ತಲೆಯಿಂದ ಹೊಡೆದು ಹೊಡೆದು ಮೆದುಳು ಹಾಳಾಗಿತ್ತು. ಸಾವಿನ ವಿಚಾರಣೆ ಮಾಡಿದ ಅಧಿಕಾರಿ ಅದನ್ನ ಕೆಲಸದಿಂದ ಬಂದ ಕಾಯಿಲೆ ಅಂತ ಬರೆದ್ರು. ಮ್ಯಾನ್‌ಹೋಲಿಗೆ ಇಳಿದು ಸತ್ತ ನಮ್ಮವರ ಸಾವನ್ನ "ಆಕಸ್ಮಿಕ" ಅಂತ ಬರೆಸಬೇಡಿ ಅಂತ ಠಾಣೆ ಮುಂದೆ ಕೂತಿರೋ ನಮಗೆ ಆ ಒಂದು ಪದದ ಬೆಲೆ ಗೊತ್ತು.

ಇನ್ನೊಂದು ಮಾತು. ಆಲ್ಬಿಯನ್ ಮೈದಾನದ ಪಕ್ಕದಲ್ಲೇ ಸ್ಮೆದಿಕ್ ಅನ್ನೋ ಊರಿದೆ. 1964ರ ಚುನಾವಣೆಯಲ್ಲಿ ವಲಸೆಗಾರರ ವಿರುದ್ಧ ವಿಷ ಕಾರಿ ಗೆದ್ದ ಕ್ಷೇತ್ರ ಅದು. 1965ರ ಫೆಬ್ರವರಿಯಲ್ಲಿ, ಕೊಲೆಯಾಗೋ ಒಂಬತ್ತು ದಿನ ಮುಂಚೆ, ಮಾಲ್ಕಮ್ ಎಕ್ಸ್ ಅಲ್ಲಿನ ಮಾರ್ಷಲ್ ಸ್ಟ್ರೀಟಿಗೆ ಬಂದು ನಡೆದಾಡಿದ್ರು. ಅವರನ್ನ ಬರಮಾಡಿಕೊಂಡವರಲ್ಲಿ ನಮ್ಮ ದೇಶದ ಪಂಜಾಬಿ ಕಾರ್ಮಿಕರ ಸಂಘಟನೆಯವರಿದ್ರು. ಬಣ್ಣದ ವಿರುದ್ಧ ಒಟ್ಟಿಗೆ ನಿಂತ ಊರು. ಆದ್ರೆ ಅದೇ ಪ್ರದೇಶಕ್ಕೆ ನಮ್ಮವರು ಜಾತಿಯನ್ನೂ ಪೆಟ್ಟಿಗೇಲಿಟ್ಟು ತಗೊಂಡು ಹೋಗಿದ್ರು. ಜಾತಿ ತಾರತಮ್ಯವನ್ನ ಬ್ರಿಟನ್ನಿನ ಸಮಾನತೆ ಕಾಯ್ದೆಗೆ ಸೇರಿಸಲೇಬೇಕು ಅಂತ 2013ರಲ್ಲಿ ಸಂಸತ್ತು ಹೇಳ್ತು. 2018ರಲ್ಲಿ ಸರ್ಕಾರ ಅದು ಬೇಡ ಅಂತ ಹಿಂದೆ ಸರೀತು. ಅಲ್ಲೂ ನಮ್ಮ ಕಾಲಂ ಖಾಲಿ!

ಈಗ ಹುಡುಗನ ವಿಷಯ. ಹೋದ ವಾರ ನಾವು ನಾಲ್ಕು ಜನ ಆ ಕ್ಲಬ್ಬಿಗೆ ಹೋದ್ವಿ. ಜಗಳ ಮಾಡಲಿಲ್ಲ. ಅವನು ಸಹಿ ಹಾಕಿದ ಫಾರಂ ತೋರಿಸಿ ಅಂದ್ವಿ. ಆಮೇಲೆ ನೋಡೋಣ ಅಂದ್ರು. ನೀನು ಓದಿದ್ದೇನಪ್ಪ ಅಂತ ಹುಡುಗನ್ನ ಕೇಳಿದ್ರೆ, "ಇಲ್ಲ ಮಾಮ, ಎಲ್ಲಾ ಹಾಕ್ತಿದ್ರು, ನಾನೂ ಹಾಕ್ದೆ" ಅಂದ. ನಮ್ಮ ತಾತನ ಹೆಬ್ಬೆಟ್ಟು ನೆನಪಾಯ್ತು. ಮೊಮ್ಮಗನಿಗೆ ಪೆನ್ನು ಬಂದಿದೆ, ಓದೋದು ಬಂದಿದೆ, ಆದ್ರೂ ಕಾಗದ ಅವರ ಬೀರುವಿನಲ್ಲೇ. ಎನ್‌ಒಸಿ ಇನ್ನೂ ಬಂದಿಲ್ಲ. ಫಾರಂ ನಕಲು ಕೊಡಿ ಅಂತ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಹಾಕಿಸ್ಕೊಂಡು ಬಂದಿದ್ದೀವಿ. ಬಿಡಲ್ಲ.

ನಮ್ಮ ಕೇರಿಗಳ ಎಷ್ಟೋ ಮಕ್ಕಳು ಫುಟ್‌ಬಾಲ್, ಕಬಡ್ಡಿ, ಅಥ್ಲೆಟಿಕ್ಸ್ ಅಂತ ಬೆಳಗ್ಗೆ ಮೈದಾನಕ್ಕೆ ಹೋಗ್ತಿದ್ದಾರೆ. ಅವರ ಅಪ್ಪ ಅಮ್ಮಂದಿರಿಗೆ, ಅಣ್ಣ ಅಕ್ಕಂದಿರಿಗೆ ಒಂದೇ ವಿನಂತಿ. ಸಹಿ ಹಾಕೋ ಮುಂಚೆ ಓದಿ. ಅರ್ಥ ಆಗದಿದ್ರೆ ತಿಳಿದೋರ ಹತ್ರ ಓದಿಸಿ. ಎಷ್ಟು ವರ್ಷಕ್ಕೆ ಅಂತ ಕೇಳಿ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಸಹಿ ಹಾಕಬೇಡಿ. ಒಂದು ನಕಲು ಮನೇಲಿರಲಿ, ಫೋನಲ್ಲಿ ಫೋಟೋ ಆದ್ರೂ ಇರಲಿ. ತೊಂದರೆ ಆದ್ರೆ ಒಬ್ಬರೇ ಹೋಗಬೇಡಿ, ನಮಗೆ ಹೇಳಿ, ಜೊತೆಗೆ ಬರ್ತೀವಿ.

ವೆಸ್ಟ್ ಬ್ರಾಮ್ವಿಚ್ ಊರಿನ ನಡುವೆ ಈಗ ಆ ಮೂವರ ಕಂಚಿನ ಪ್ರತಿಮೆ ಇದೆ, 2019ರಲ್ಲಿ ನಿಲ್ಲಿಸಿದ್ದು. ರೆಜಿಸ್ ಅದನ್ನ ನೋಡಲಿಲ್ಲ, 2018ರ ಜನವರಿಯಲ್ಲೇ ಹೋಗಿಬಿಟ್ರು.

ನಮ್ಮಪ್ಪನಿಗೆ ಪ್ರತಿಮೆ ಬೇಡ. ಆ ಕೆಂಪು ಬಟ್ಟೆಯ ಪುಸ್ತಕ ಎಲ್ಲಿದೆಯೋ ಗೊತ್ತಿಲ್ಲ, ಅದನ್ನ ತಿದ್ದೋಕೂ ಆಗಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಹೆಸರು: ಮಾರಯ್ಯ. ದುಡಿದದ್ದು: ಹನ್ನೊಂದನೇ ವಯಸ್ಸಿಂದ, ಹದಿನೇಳು ವರ್ಷ. ಬಾಕಿ: ಅವರಿಂದ ನಮಗೆ ಬರಬೇಕು.

ಜೈ ಭೀಮ್.